ಆರ್ಡಿತ್ ಸಹಿ ಬಿಟ್ಟುಕೊಟ್ಟದ್ದು

ವೋಲೋಸ್ ಬಂದರಿನ ಹಿಂದಿನ ಬೀದಿಯಲ್ಲಿ ದೋಣಿಗೆ ಬಳಿಯುವ ಬಣ್ಣ, ಹಗ್ಗ ಮಾರುವ ಅಂಗಡಿ ಸ್ಟಮಾಟಿಸ್ ಮತ್ತು ಅವನ ತಂಗಿ ಕಲ್ಲಿರೋಯಿ ಇಬ್ಬರದು. ಅದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವಳು ಮಾತ್ರ ಸ್ಟಮಾಟಿಸನ ಹೆಂಡತಿ ಆರ್ಡಿತ್. ಅವಳು ಅಮೆರಿಕದ ನೆಬ್ರಾಸ್ಕದವಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅಮೆರಿಕಕ್ಕೆ ವರ್ಷವರ್ಷವೂ ತೆರಿಗೆ ಪತ್ರ ಕಳಿಸುವುದು ಅವಳಿಗೆ ತಪ್ಪಿರಲಿಲ್ಲ.

ಜೂನ್ ಮೊದಲ ವಾರ, ಊಟದ ಹೊತ್ತಿಗೆ ಕಲ್ಲಿರೋಯಿ ಬ್ಯಾಂಕಿನ ಕಾಗದ ಹಿಡಿದು ಬಂದಳು.

"ಅತ್ತಿಗೆ, ಇದೇನಿದು? ನಮ್ಮಪ್ಪ ಇಟ್ಟ ಅಂಗಡಿ. ಅದರ ಖಾತೆ ವಿಷಯ ಅಮೆರಿಕಕ್ಕೆ ಯಾಕೆ ಬೇಕು?"

"ಖಾತೆ ಮೇಲೆ ನನ್ನ ಸಹಿ ನಡೆಯತ್ತಲ್ಲ, ಅದಕ್ಕೆ ತಿಳಿಸಬೇಕು. ಅವರೇನೂ ತಗೊಳ್ಳಲ್ಲ."

"ತಗೊಳ್ಳದೇ ಇರೋರು ಕೇಳೋದ್ಯಾಕೆ? ಇಷ್ಟು ವರ್ಷವೂ ನಮ್ಮನೆ ಸುದ್ದಿ ಅಲ್ಲಿಗೆ ಬರ್ಕೊಂಡೇ ಬಂದ್ರಾ?"

"ಕಾನೂನು, ಕಲ್ಲಿರೋಯಿ. ನಾನು ಮಾಡಿದ್ದಲ್ಲ."

"ನಿಮ್ಮನ್ನ ಅಂತಿಲ್ಲ ಮಾರಾಯ್ತಿ. ಹೆಸರು ತೆಗೆಸಿಬಿಡಿ, ಮುಗೀತು."

ಆರ್ಡಿತ್ ಗಂಡನ ಮುಖ ನೋಡಿದಳು. ಅವನು ಹಾಳೆಯಂತೆ ತೆಳ್ಳಗೆ ಚೀಸ್ ಕೊಯ್ಯುತ್ತಿದ್ದ. ತಲೆ ಎತ್ತದೆಯೇ ಅಂದ: "ಒಂದು ಸಹಿ ತಾನೆ ಆರ್ಡಿ. ಹೋಗ್ಲಿ ಬಿಡು."

ಮಾರನೆಯ ದಿನ ಮೂವರೂ ಬ್ಯಾಂಕಿಗೆ ಹೋದರು. ಸಹಿ ಬಿಟ್ಟುಕೊಡುವುದಕ್ಕೂ ಸಹಿ ಹಾಕಬೇಕಿತ್ತು, ಹಾಕಿದಳು. ಹೊರಗೆ ಬಂದದ್ದೇ ಅಣ್ಣತಂಗಿ ಅಂಗಡಿಯತ್ತ ನಡೆದರು. "ಲೆಕ್ಕ ಇನ್ನು ಕಲ್ಲಿರೋಯಿ ನೋಡ್ಕೋತಾಳೆ. ನೀನು ಮನೆಗೆ ಹೋಗಿ ಆರಾಮಾಗಿರು," ಅಂದ ಸ್ಟಮಾಟಿಸ್. ಆ ಆರಾಮವನ್ನು ಏನು ಮಾಡಬೇಕೆಂದೇ ತಿಳಿಯದೆ ಅವಳು ತುಸು ಹೊತ್ತು ಅಲ್ಲೇ ನಿಂತಳು.

ಮನೆಗೆ ಬಂದು ತೆರಿಗೆ ಪತ್ರ ಹರಡಿಕೊಂಡಳು. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ಬಂದ ಪುಡಿಗಾಸು ಬಿಟ್ಟರೆ ಬರೆಯುವುದಕ್ಕೆ ಹೆಚ್ಚೇನಿರಲಿಲ್ಲ. ಗಂಡನ ಬಗ್ಗೆ ಏನು ತುಂಬಬೇಕೆಂಬುದು ಅವಳಿಗೆ ಬಾಯಿಪಾಠ. ಆದರೂ ಅಮೆರಿಕದ ತೆರಿಗೆ ಕಚೇರಿಗೆ ಫೋನ್ ಮಾಡಿದಳು. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಫೋನ್ ಎತ್ತಿದಳು. ಅವಳ ಮಾತಿನ ಎಳೆತ ಥೇಟ್ ಆರ್ಡಿತಳ ದೊಡ್ಡಮ್ಮನದು.

"ಗಂಡನಿಗೆ ನಮ್ಮ ತೆರಿಗೆ ನಂಬರ್ ಇಲ್ವಾ? ಹಾಗಾದ್ರೆ ಆ ಜಾಗದಲ್ಲಿ ಅನಿವಾಸಿ ಪರಕೀಯ ಅಂತ ಬರೀರಿ, ಮೇಡಂ. ಜೊತೇಲೇ ಇದ್ದೀರಾ ಇಬ್ರೂ?"

"ಒಂದೇ ಮನೇಲಿದ್ದೀವಿ."

"ಬೇರೇನಾದ್ರೂ ಕೇಳೋದಿದೆಯಾ?"

"ನಿಮ್ಮ ಕಡೆ ಹವಾ ಹೇಗಿದೆ?" ಎಂದುಬಿಟ್ಟಳು ಆರ್ಡಿತ್.

"ಮುಂಜಾನೆ ಆಲಿಕಲ್ಲು ಬಿತ್ತು ಕಣ್ರೀ. ನನ್ನ ಟೊಮೆಟೊ ಗಿಡ ಎಲ್ಲಾ ಮಲಗಿಬಿಟ್ಟಿವೆ," ಅಂದಳು ಆಕೆ. ಮರುಕ್ಷಣ ದನಿ ಬದಲಾಯಿತು: "ಕರೆ ಮಾಡಿದ್ದಕ್ಕೆ ಧನ್ಯವಾದ, ಮೇಡಂ."

ಫೋನ್ ಇಟ್ಟ ಮೇಲೂ ಆರ್ಡಿತ್ ಆ ಟೊಮೆಟೊ ಗಿಡಗಳನ್ನೇ ನೆನೆಯುತ್ತ ಕುಳಿತಳು.

ಸಂಜೆ ಬಂದ ಸ್ಟಮಾಟಿಸ್ ಹೆಗಲ ಮೇಲಿಂದ ಇಣುಕಿದ. "ನನ್ನ ಹೆಸರಿನ ಪಕ್ಕ ಏನು ಬರೆದೆ?"

"ಪರಕೀಯ ಅಂತ."

"ನಾನಾ?" ಅವನು ಗಹಗಹಿಸಿ ನಕ್ಕ. "ಹುಟ್ಟಿದ್ದೇ ಈ ಬೀದೀಲಿ ಕಣೆ!"

ಅವಳು ನಗಲಿಲ್ಲ. "ನಿನ್ನೆ ಅವಳೆದುರು ಒಂದು ಮಾತಾಡಬಹುದಿತ್ತು ನೀನು."

"ಏನಂತ ಹೇಳ್ಲಿ? ಅವಳು ನನ್ನ ತಂಗಿ."

"ನಾನು?"

ಅವನು ನೀರು ಕುಡಿಯಲು ಒಳಗೆ ಹೋದ.

ವಾರದ ಕೊನೆಗೆ ಅವನೇ ಒಂದು ಚೀಲದ ತುಂಬ ಅಂಗಡಿಯ ಬಿಲ್ಲುಗಳನ್ನು ತಂದು ಮೇಜಿನ ಮೇಲಿಟ್ಟ. "ಕಲ್ಲಿರೋಯಿ ಎಲ್ಲಾ ಕಲಸುಮೇಲೋಗರ ಮಾಡಿಟ್ಟಿದ್ದಾಳೆ. ನೀನೊಂದಿಷ್ಟು ನೋಡ್ತೀಯಾ? ಅವಳಿಗೆ ಹೇಳೋದು ಬೇಡ."

ಬಿಲ್ಲುಗಳಿಂದ ವಾರ್ನಿಶಿನ ವಾಸನೆ ಬರುತ್ತಿತ್ತು. ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಹಿಂದಕ್ಕೆಳೆದುಕೊಂಡಳು.

"ಅವಳಿಗೆ ಹೇಳಿ ತಂದ್ರೆ ನೋಡ್ತೀನಿ," ಅಂದಳು.

ಅವನು ಚೀಲವನ್ನು ಮೇಜಿನ ಮೇಲೇ ಬಿಟ್ಟ. ಆರ್ಡಿತ್ ತೆರಿಗೆ ಪತ್ರದ ಲಕೋಟೆಗೆ ಅಂಟು ಹಚ್ಚಿ, ಚಪ್ಪಲಿ ಮೆಟ್ಟಿ ಅಂಚೆ ಕಚೇರಿಗೆ ಹೊರಟಳು. ಅಂಗಡಿಯ ಮುಂದಿನ ದಾರಿಯೇ ಹತ್ತಿರ. ಅವಳು ಸಮುದ್ರದ ಕಡೆಯಿಂದ ಸುತ್ತುಹಾಕಿ ಹೋದಳು.