ಬಾಯಿಗೆ ಅಕ್ಕಿಕಾಳು

ಅಂಗಳದಾಚೆ ಕಾರು ನಿಂತ ಸದ್ದಾದಾಗ ಸಿದ್ದೇಶ ಹೆಂಡತಿಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಟ್ಟೆಯ ಪಟ್ಟಿಯಿಂದ ಕಟ್ಟುತ್ತಿದ್ದ. ಇಳಿದವರು ಯಾರೆಂದು ಕತ್ತೆತ್ತಿ ನೋಡಿದವನೇ ಗಂಟನ್ನು ಜಗ್ಗಿ ಎಳೆದ.

"ಮೆತ್ತಗೆ ಕಟ್ಟೋ, ನೋವಾಗುತ್ತೆ" ಎಂದಳು ಅವನ ಅಕ್ಕ ಜಾನು. ಅಂದ ಮೇಲೆ ಅವಳಿಗೇ ಅಳು ಉಕ್ಕಿ ಬಂತು.

ಬಂದವರು ಪುಲ್ಪಳ್ಳಿಯ ನೋಟರಿ ವಕೀಲ ರವಿಕುಮಾರ್. ನಿನ್ನೆ ಎದೆ ಹಿಡಿದುಕೊಂಡು ಬೀಳುವವರೆಗೂ ಸಿದ್ದೇಶನ ಹೆಂಡತಿ ಲತಾಮಣಿ ಅವರ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದಳು. ಹೊಳೆಯಾಚೆ ಕರ್ನಾಟಕದ ಕನ್ನಡ ಶಾಲೆಯಲ್ಲಿ ಓದಿ, ಕೇರಳದ ದಡದ ಈ ಪೆರಿಕಲ್ಲೂರಿಗೆ ಸೊಸೆಯಾಗಿ ಬಂದ ಮೇಲೆ ಮಲಯಾಳ ಕಲಿತವಳು. ಕರ್ನಾಟಕದ ಜನನ ಪತ್ರವೋ ಶಾಲೆಯ ಟಿ.ಸಿ.ಯೋ ಕೇರಳದಲ್ಲಿ ನಡೆಯಬೇಕೆಂದರೆ ಅವಳು ನಕಲನ್ನು ಮೂಲಕ್ಕೆ ಹೋಲಿಸಿ, ಮಲಯಾಳದಲ್ಲಿ ಬರೆದುಕೊಡುತ್ತಿದ್ದಳು. ಕೆಳಗೆ ರವಿಕುಮಾರ್ ಸಹಿ ಮಾಡಿ ಸೀಲು ಒತ್ತುತ್ತಿದ್ದರು.

"ವಕೀಲ್ ಸಾರ್ ಆಫೀಸಿಗೆ ಬೀಗ ಹಾಕಿ ಬಂದ್ರು, ಸಿದ್ದೇಶೇಟ್ಟಾ" ಎಂದ ಪಕ್ಕದ ಮನೆಯ ಮಲಯಾಳಿ ಕುಮಾರನ್. ಸಿದ್ದೇಶನನ್ನು ಅವನು ಕರೆಯುವುದು ಏಟ್ಟ, ಅಣ್ಣ, ಎಂದೇ.

"ಹಾಕ್ದೆ ಏನ್ ಮಾಡ್ತಾನೆ? ಓದಿ ಹೇಳೋಳು ಇಲ್ಲಿ ಮಲಗವ್ಳಲ್ಲ."

ಮಗಳು ಅಂಜಲಿ ಒಳಗಿಂದ ಓಡಿ ಬಂದು, "ರವಿ ಮಾಮಾ..." ಎಂದು ಅವರ ಕೈ ಹಿಡಿದು ಗೊಳೋ ಎಂದು ಅತ್ತಳು. ಬೆಳಗಿನಿಂದ ಅಪ್ಪನ ಹತ್ತಿರ ಬಂದು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಾಮನಂತೆ, ಮಾಮ! ಸಿದ್ದೇಶ ಎದ್ದು ಹೋಗಿ ಮೆಣಸಿನ ಬಳ್ಳಿಯ ಬುಡಕ್ಕೆ ಉಗಿದು ಬಂದ.

*

ಲತಾಮಣಿ ಕೆಲಸಕ್ಕೆ ಹೋದ ಮೊದಲ ವರ್ಷವೇ ಸಿದ್ದೇಶ ಶುರು ಮಾಡಿದ್ದ. ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ, "ಟಿಕೆಟ್ ತೋರ್ಸು."

"ಯಾಕ್ರೀ?"

"ಬಸ್ಸಲ್ಲಿ ಬಂದ್ಯೋ, ಕಾರಲ್ಲಿ ಬಂದ್ಯೋ, ನೋಡ್ಬೇಕು."

ಅವಳು ಜಗಳವಾಡಲಿಲ್ಲ. ಅವನನ್ನು ಉರಿಸಿದ್ದೂ ಅದೇ. ಕೆಲವು ದಿನಗಳಾದ ಮೇಲೆ ಅವನು ಕೇಳುವುದೂ ಬೇಕಿರಲಿಲ್ಲ. ರಾತ್ರಿ ಊಟಕ್ಕೆ ಕುಳಿತರೆ ತಟ್ಟೆಯ ಪಕ್ಕದಲ್ಲಿ, ಉಪ್ಪಿನಕಾಯಿಯ ಬಟ್ಟಲಿನ ಹತ್ತಿರ, ಟಿಕೆಟ್ಟು ಇರುತ್ತಿತ್ತು. ಮಗಳ ಮದುವೆಯಾಯಿತು, ಇಬ್ಬರ ತಲೆಯೂ ನರೆಯಿತು. ಟಿಕೆಟ್ಟು ಬರುವುದು ನಿಲ್ಲಲಿಲ್ಲ. ಅವನೂ ಬೇಡ ಅನ್ನಲಿಲ್ಲ.

ಒಮ್ಮೆ ಮೆಣಸು ಮಾರಲು ಪುಲ್ಪಳ್ಳಿಗೆ ಹೋದವನು ಹೇಳದೆ ಕೇಳದೆ ಆ ಆಫೀಸಿನ ಮೆಟ್ಟಿಲು ಹತ್ತಿದ. ಬಾಗಿಲು ತೆರೆದೇ ಇತ್ತು. ಲತಾಮಣಿ ಯಾರದೋ ಹಳೆಯ ಟಿ.ಸಿ.ಯ ಕನ್ನಡ ಸಾಲುಗಳ ಕೆಳಗೆ ಬೆರಳಾಡಿಸುತ್ತ ಒಂದೊಂದನ್ನೂ ಮಲಯಾಳದಲ್ಲಿ ಹೇಳುತ್ತಿದ್ದಳು. ಎದುರಿಗೆ ಆ ವಕೀಲ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಮುಗಿದ ಮೇಲೆ ಪೆನ್ನು ತೆಗೆದು "ಎಲ್ಲಿ?" ಎಂದಷ್ಟೇ ಕೇಳಿದ. ಅವಳು ಬೆರಳಿಟ್ಟಳು. ಅವನು ಆ ಉಗುರಿನ ಪಕ್ಕದಲ್ಲೇ ಸಹಿ ಹಾಕಿದ.

ಕೈಗೆ ಕೈ ತಾಗಲಿಲ್ಲ. ತಾಗಿದ್ದರೆ ಒಳಗೆ ನುಗ್ಗಿ ಕೆನ್ನೆಗೆರಡು ಬಿಡಬಹುದಿತ್ತು. ಏನೂ ಸಿಗದೆ ಮೆಟ್ಟಿಲಿಳಿದು ಬಂದ ಸಿದ್ದೇಶನಿಗೆ ಆ ದಿನ ಮೆಣಸನ್ನು ಯಾವ ದರಕ್ಕೆ ಮಾರಿದೆನೆಂದು ಮನೆಯಲ್ಲಿ ಹೇಳಲೂ ಆಗಲಿಲ್ಲ.

*

ಜಾನು ಹೆಣದ ಗದ್ದಕ್ಕೆ ಕಟ್ಟಿದ್ದ ಬಟ್ಟೆಯನ್ನು ಸಡಿಲಿಸಿ, ನೆನೆಸಿದ ಅಕ್ಕಿಯ ತಟ್ಟೆ ಹಿಡಿದು ನಿಂತಳು. "ನಮ್ಮೋರೆಲ್ಲ ಬನ್ನಿ. ಬಾಯಿಗೆ ಅಕ್ಕಿ ಹಾಕಿ." ಅಂಜಲಿ ಹಾಕಿದಳು. ಅಳಿಯ ಹಾಕಿದ. ಅವನ ಹಿಂದೆ ಚಪ್ಪಲಿ ಬಿಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು ಬಂದವರು ರವಿಕುಮಾರ್. ತಟ್ಟೆಯಿಂದ ನಾಲ್ಕು ಕಾಳು ತೆಗೆದುಕೊಂಡರು.

ಸಿದ್ದೇಶ ಅಡ್ಡ ಬಂದ. "ನಿಲ್ಲಿ ಸಾರೇ. ಇದು ನೆಂಟರ ಸಾಲು."

"ಗೊತ್ತು ಸಿದ್ದೇಶ. ಅಂಜಲಿ ಕರೆದಳು."

"ಅವಳನ್ನ ಬಿಡಿ. ನೀವು ಹೇಳಿ. ನಿಮಗೂ ನನ್ನ ಹೆಂಡ್ತಿಗೂ ಏನು ಸಂಬಂಧ?"

"ಏನಿದು ಸಿದ್ದೇಶೇಟ್ಟಾ, ಇಷ್ಟು ಜನ ಇದ್ದಾರೆ!" ಕುಮಾರನ್ ತೋಳು ಹಿಡಿದ.

"ಜನ ಇದ್ದಾರೆ ಅಂತಾನೇ ಕೇಳ್ತಿರೋದು. ಬಿಡೋ ಕೈ!"

ರವಿಕುಮಾರ್ ಹೆಣದ ಮುಖ ನೋಡಿದರು. "ನನಗೆ ಕನ್ನಡ ಮಾತಾಡಕ್ಕೆ ಬರುತ್ತೆ. ಓದಕ್ಕೆ ಒಂದಕ್ಷರ ಬರಲ್ಲ. ಲತಾಮಣಿ ಏನಿದೆ ಅಂದಳೋ ಅದಕ್ಕೆ ಸೈನ್ ಹಾಕಿದೆ. ಅಷ್ಟೇ."

"ತಪ್ಪು ಹೇಳಿದ್ದಿದ್ರೆ?"

"ನನ್ನ ಲೈಸೆನ್ಸ್ ಹೋಗ್ತಿತ್ತು. ಕೇಸೂ ಆಗ್ತಿತ್ತು."

"ಮತ್ತೆ? ಒಂದ್ಸಲ ಆದ್ರೂ ಬೇರೆ ಯಾರ ಹತ್ರಾನಾದ್ರೂ ಓದ್ಸಿ ನೋಡಿದ್ರಾ?"

"ಯಾಕೆ?" ಎಂದರು ರವಿಕುಮಾರ್.

ಜಗಳಕ್ಕೆ ಕೇಳಿದ್ದಲ್ಲ. ಯಾಕೆಂದು ಅವರಿಗೆ ನಿಜಕ್ಕೂ ಹೊಳೆದಿರಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಇಷ್ಟು ವರ್ಷ ಸಿದ್ದೇಶ ಏನೇನನ್ನೋ ಊಹಿಸಿ ಹೊಟ್ಟೆ ಉರಿಸಿಕೊಂಡಿದ್ದ. ದಿನಾ ಟಿಕೆಟ್ಟು ನೋಡಿದವನನ್ನು ಆ ಯಾವ ಉರಿಯೂ ಈ ಒಂದು ಮಾತಿನಷ್ಟು ಸುಟ್ಟಿರಲಿಲ್ಲ.

ಅವನು ಜಾನುವಿನ ಕೈಯಿಂದ ತಟ್ಟೆ ಕಿತ್ತುಕೊಂಡ. ಲತಾಮಣಿಯ ತಲೆಯ ಬಳಿ ಮಂಡಿಯೂರಿ ಒಂದು ಚಿಟಿಕೆ ಹಾಕಿದ. ಇನ್ನೊಂದು. ಮತ್ತೊಂದು.

"ಸಾಕು ಕಣೋ. ಉಳಿದೋರು ಹಾಕ್ಬೇಕು" ಎಂದಳು ಜಾನು.

ಅವನು ಬೊಗಸೆಯಲ್ಲಿ ತುಂಬಿಕೊಂಡು ಸುರಿದ. ಇನ್ನೊಂದು ಬೊಗಸೆ ಸುರಿದ. ಬಾಯಿ ತುಂಬಿ, ಒದ್ದೆ ಅಕ್ಕಿ ಕೆನ್ನೆಯ ಮೇಲಿಂದ ಕಿವಿಗೆ, ಕಿವಿಯಿಂದ ಕೂದಲಿಗೆ ಇಳಿಯಿತು.

"ಅಪ್ಪಾ!" ಎಂದು ಚೀರಿದಳು ಅಂಜಲಿ.

ತಟ್ಟೆಯಲ್ಲಿ ನೀರಷ್ಟೇ ಉಳಿದಿತ್ತು. ರವಿಕುಮಾರ್ ಆ ನಾಲ್ಕು ಕಾಳಿನ ಮುಷ್ಟಿ ಮುಚ್ಚಿಕೊಂಡು ಇನ್ನೂ ಅಲ್ಲೇ ನಿಂತಿದ್ದರು. ಅಂಜಲಿ ಕೂತು ಅಮ್ಮನ ಕೂದಲಿನಿಂದ ಕಾಳುಗಳನ್ನು ಆರಿಸತೊಡಗಿದಳು. ಜಾನು, ಕುಮಾರನ್ ಇಬ್ಬರೂ ಸೇರಿ ಎಳೆದರೂ ಸಿದ್ದೇಶ ಅಲ್ಲಾಡಲಿಲ್ಲ. ಅಂಗೈಯನ್ನು ಹೆಂಡತಿಯ ಬಾಯಿಯ ಮೇಲೆ ಒತ್ತಿ ಹಿಡಿದೇ ಇದ್ದ.