ನಡುಗಡ್ಡೆಯ ಮಡಿ

ಎರಡು ರಾಜ್ಯಗಳ ನಡುವೆ ಒಂದು ಹೊಳೆ, ಹೊಳೆಯ ನಡುವೆ ಒಂದು ಊರು. ಅದು ಮೂಡಣದ ಅರಸನಿಗೂ ಸೇರಿರಲಿಲ್ಲ, ಪಡುವಣದ ಅರಸನಿಗೂ ಸೇರಿರಲಿಲ್ಲ. ಇಬ್ಬರೂ ಅದನ್ನು ನಡುಗಡ್ಡೆ ಎಂದು ಕರೆದು ಅದರ ಪಾಡಿಗೆ ಬಿಟ್ಟಿದ್ದರು. ಹಾಗೆ ಬಿಟ್ಟದ್ದು ಧರ್ಮಬುದ್ಧಿಯಿಂದಲ್ಲ. ಇಬ್ಬರ ಬಟ್ಟೆಯನ್ನೂ ಒಗೆಯುತ್ತಿದ್ದವರು ಅಲ್ಲಿಯ ಮಡಿವಾಳರೇ ಆಗಿದ್ದರು.

ಅವರ ಕೈಗುಣ ಅಂಥದ್ದು. ಕೊಳೆ ಬಿಡಿಸುವ ಸವುಳುಮಣ್ಣಿನಲ್ಲಿ ನೆನೆಸಿ, ಉಬ್ಬೆಯ ಹಂಡೆಯ ಹಬೆಯಲ್ಲಿ ಬೇಯಿಸಿ, ಕಲ್ಲಿಗೆ ಬಡಿದು ಒಣಗಿಸಿದ ಮೇಲೆ ಬಟ್ಟೆಯ ಅಂಚಿಗೆ ಒಂದು ನೀಲಿ ಚುಕ್ಕೆ ಇಡುತ್ತಿದ್ದರು. ಚುಕ್ಕೆಯಿಲ್ಲದ ವಸ್ತ್ರ ಉಟ್ಟರೆ ಎರಡೂ ರಾಜ್ಯಗಳಲ್ಲಿ ಪಟ್ಟಾಭಿಷೇಕ ನಡೆಯುತ್ತಿರಲಿಲ್ಲ, ಮದುವೆಯೂ ನಡೆಯುತ್ತಿರಲಿಲ್ಲ. ಯುದ್ಧ ಮುಗಿಸಿ ಬಂದ ಮಗನನ್ನು ತಾಯಿ ಹೊಸ್ತಿಲು ದಾಟಿಸುತ್ತಿದ್ದುದು ಅಂಚು ತಿರುಗಿಸಿ ಚುಕ್ಕೆ ನೋಡಿದ ಮೇಲೆಯೇ.

ಇಷ್ಟು ಜನ ನಂಬಿದ ಮೇಲೆ ಒಂದು ಹೊಣೆಯೂ ಹೆಗಲೇರಿತ್ತು. ಬಹಳ ಹಿಂದೆ ಇಬ್ಬರು ಅರಸರ ಮುತ್ತಾತಂದಿರು ಹೊಡೆದಾಡಿ ದಣಿದು, ನಡುಗಡ್ಡೆಯ ದೊಡ್ಡ ಒಗೆಯುವ ಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು. ಯುದ್ಧ ಎಷ್ಟಾದರೂ ಬರಲಿ. ಗಾಯಾಳುವನ್ನು, ಮಗುವನ್ನು, ಕುಡಿಯುವ ನೀರನ್ನು, ಮದ್ದು ಕೊಡುವ ಕೈಯನ್ನು ಯಾರೂ ಕೆಡಿಸಬಾರದು. ಆಣೆಗೆ ಸಾಕ್ಷಿ ನಡುಗಡ್ಡೆ. ಆಣೆ ಮುರಿದವರ ಬಟ್ಟೆಯ ಗಂಟನ್ನು ಒಗೆಯದೆ, ಬಂದ ದೋಣಿಯಲ್ಲೇ ಹಿಂದಕ್ಕೆ ಕಳಿಸಬೇಕು. ಅಷ್ಟೇ ಶಿಕ್ಷೆ. ಕೇಳಿದರೆ ನಗು ಬರುತ್ತದೆ. ಆದರೆ ಹಿಂದೊಮ್ಮೆ ಹೀಗೊಂದು ಗಂಟು ಹಿಂದಕ್ಕೆ ಹೋದಾಗ, ದಂಡಿಗೆ ದಂಡೇ ನಾರುವ ಅಂಗಿ ತೊಟ್ಟು ತಾಯಂದಿರ ಮುಚ್ಚಿದ ಬಾಗಿಲುಗಳ ಮುಂದೆ ನಿಂತಿತ್ತು. ಅರಸ ಬಾಲ ಮುದುರಿಕೊಂಡು ಸಂಧಿಗೆ ಬಂದಿದ್ದ.

ಈ ಕಥೆಯ ಕಾಲಕ್ಕೆ ನಡುಗಡ್ಡೆಯ ಯಜಮಾನ ಮುದ್ದಯ್ಯ. ಅವನಷ್ಟು ಬೆಳ್ಳಗಿನ ಪಂಚೆ ಉಡುವವರು ಊರಲ್ಲಿರಲಿಲ್ಲ, ಅವನಷ್ಟು ಹುಷಾರಾಗಿ ಮಾತಾಡುವವರೂ ಇರಲಿಲ್ಲ. ಮಳೆ ಬಂದೀತೇ ಎಂದು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಉತ್ತರ ಹೇಳುತ್ತಿದ್ದ. "ಕೊಳೆಗೆ ಪಕ್ಷವಿಲ್ಲ" ಎನ್ನುವುದು ಅವನ ಮೆಚ್ಚಿನ ಮಾತು. ಅದರ ಅರ್ಥವೇನೆಂದು ಯಾರೂ ಕೇಳಿದ್ದಿಲ್ಲ, ಕೇಳಿಸಿಕೊಂಡವರು ತಲೆದೂಗುತ್ತಿದ್ದರು.

ಕೆಟ್ಟ ಮನುಷ್ಯನಲ್ಲ. ಒಬ್ಬಳೇ ಮಗಳು ಚೆಲುವಿಯನ್ನು ಮೂಡಣ ದಡದ ಹಳ್ಳಿಗೆ ಕೊಟ್ಟಿದ್ದ. ಅವಳ ಮಡಿಲಲ್ಲಿ ಹಸುಗೂಸು. ಸಂಜೆ ಹೊಳೆಯ ಮೆಟ್ಟಿಲ ಮೇಲೆ ನಿಂತರೆ ಆ ಹಳ್ಳಿಯ ಒಲೆಗಳ ಹೊಗೆ ಕಾಣುತ್ತಿತ್ತು. ಅದರಲ್ಲಿ ಒಂದೆಳೆ ಮಗಳ ಮನೆಯದೆಂದು ಅಂದುಕೊಂಡು ಮುದ್ದಯ್ಯ ಸಮಾಧಾನದಿಂದ ಊಟಕ್ಕೆ ಕೂರುತ್ತಿದ್ದ.

ಹೀಗಿರುವಾಗ ಯುದ್ಧ ಬಂತು. ಯಾಕೆ ಬಂತೆಂದು ಇಬ್ಬರು ಅರಸರಿಗೂ ಬೇರೆ ಬೇರೆ ನೆನಪು. ನಮಗೆ ಆ ಉಸಾಬರಿ ಬೇಡ. ನಡುಗಡ್ಡೆಗೆ ಬರುವ ಗಂಟುಗಳು ಮಾತ್ರ ಇಮ್ಮಡಿಯಾದವು.

ಒಂದು ಬೆಳಿಗ್ಗೆ ಪಡುವಣ ದಂಡಿನ ಗಂಟನ್ನು ಬಿಚ್ಚುತ್ತಿದ್ದ ಮುದ್ದಯ್ಯನ ಹೆಂಡತಿ ಹೊಂಬಾಳಮ್ಮ ಗಂಡನನ್ನು ಕೂಗಿದಳು.

"ಏನಂದ್ರೆ, ಸ್ವಲ್ಪ ಇಲ್ಲಿ ಬನ್ನಿ. ಕುಲಾವಿ ಹಾಕ್ಕೊಳ್ಳೋ ಸಿಪಾಯಿ ಯಾವನಿದಾನೆ ನೋಡಿ."

ಅಂಗೈಯಗಲದ ಮಗುವಿನ ಟೋಪಿ. ಅರ್ಧ ಭಾಗ ರಕ್ತ ಒಣಗಿ ಗಟ್ಟಿಯಾಗಿತ್ತು. ಮುದ್ದಯ್ಯ ಮೊದಲು ನೋಡಿದ್ದು ಹೊಲಿಗೆಯನ್ನು. ಮೊಮ್ಮಗನಿಗೆಂದು ಹೊಂಬಾಳಮ್ಮ ಹೊಲಿದು ಕಳಿಸಿದ್ದು ಕೆಂಪು ದಾರದ್ದು. ಇದು ಹಸಿರು ದಾರದ್ದು. ಅವನ ಉಸಿರು ಹಗುರವಾಯಿತು.

"ನಮ್ಮದಲ್ಲ," ಅಂದ.

"ಯಾರದೋ ಒಬ್ಬರದು ಅಲ್ವಾ?"

"ಯಾವನೋ ಸಿಪಾಯಿ ತನ್ನ ಮಗು ನೆನಪಿಗೆ ಅಂತ ಜೇಬಲ್ಲಿ ಇಟ್ಕೊಂಡಿರಬೌದು. ಅವನಿಗೆ ಗಾಯ ಆಗಿರಬೌದು."

"ಕೂಸಿನ ಕೂದಲು ಅಂಟ್ಕೊಂಡಿದೆ ಇದರಲ್ಲಿ. ಗಂಟು ಕಟ್ಟಿ ವಾಪಸ್ ಕಳಿಸಿ. ಆಣೆ ಇರೋದು ಯಾತಕ್ಕೆ?"

ಇಂಥ ದೊಡ್ಡ ವಿಷಯವನ್ನು ಒಬ್ಬನೇ ತೀರ್ಮಾನಿಸುವುದು ಸರಿಯಲ್ಲವೆಂದು ಮುದ್ದಯ್ಯ ಸಭೆ ಕರೆದ. ಹೊಣೆಯನ್ನು ಹಂಚಿದರೆ ಯಾರ ಪಾಲಿಗೂ ಹೆಚ್ಚು ಬರುವುದಿಲ್ಲ ಎನ್ನುವುದು ಯಜಮಾನಿಕೆಯ ಮೊದಲ ಪಾಠ. ಕುಲಾವಿಯನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಮರುಗಿದರು. ಮರುಗಿ ಮುಗಿದ ಮೇಲೆ ಹಿರಿಯ ಬಿಳಿಗಿರಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ವಾಪಸ್ ಕಳಿಸಿದ್ರೆ ಪಡುವಣದೋರು ನಮ್ಮನ್ನ ಮೂಡಣದ ಕಡೆಯೋರು ಅಂದ್ಕೋತಾರೆ. ಆಮೇಲೆ ನಾವು ನಡುಗಡ್ಡೆ ಹೆಂಗಾಯ್ತೀವಿ?"

ಬಾಗಿಲ ಬಳಿ ನಿಂತಿದ್ದ ಹೊಂಬಾಳಮ್ಮ ಅಲ್ಲಿಂದಲೇ ಹೇಳಿದಳು: "ಆಣೆ ಮಾಡ್ದೋರು ಇಬ್ಬರೂನೂ. ನಾಳೆ ಮೂಡಣದೋರು ಮುರಿದ್ರೆ ಅವರ ಗಂಟೂ ಕಳ್ಸಿ. ಅದು ಯಾರ ಕಡೆ ಆಗುತ್ತೆ? ಆಣೆ ಕಡೆ ಆಗುತ್ತೆ."

ಮಾತು ನೇರವಾಗಿತ್ತು, ಹಾಗಾಗಿ ಸಭೆಗೆ ಇರಿಸುಮುರಿಸಾಯಿತು. ಎಲ್ಲರೂ ಯಜಮಾನನ ಮುಖ ನೋಡಿದರು. ಮುದ್ದಯ್ಯನ ತಲೆಯಲ್ಲಿ ಓಡುತ್ತಿದ್ದುದು ಬೇರೆಯೇ. ಚೆಲುವಿಯ ಹಳ್ಳಿ ಇರುವುದು ಗಡಿಯಲ್ಲಿ. ಪಡುವಣದ ದಂಡನ್ನು ಕೆಣಕಿದರೆ ಅವಳ ಗತಿ? ನಾನು ಯಾರ ತಂಟೆಗೂ ಹೋಗದಿದ್ದರೆ ನನ್ನ ಮಗಳ ಬಾಗಿಲಿಗೂ ಯಾರೂ ಬರುವುದಿಲ್ಲ ಎಂದು ಅವನು ನಂಬಿದ್ದ. ತಂದೆಯಾದವನು ನಂಬದೆ ಏನು ಮಾಡಿಯಾನು?

"ಕೊಳೆಗೆ ಪಕ್ಷವಿಲ್ಲ," ಅಂದ ಮುದ್ದಯ್ಯ. "ಒಗೆಯೋದು ನಮ್ಮ ಕೆಲಸ. ಹಾಗಂತ ಸುಮ್ನೆ ಕೂರೋದೂ ಬೇಡ."

ಬಹಳ ಹೊತ್ತು ಚರ್ಚಿಸಿ ಸಭೆ ಒಂದು ಕಠಿಣ ಕ್ರಮ ಕೈಗೊಂಡಿತು: ಆ ಗಂಟಿನ ಅಂಗಿಗಳಿಗೆಲ್ಲ ಗಂಜಿ ಕಡಿಮೆ ಹಾಕುವುದು. ಪಡುವಣದವರು ತೊಟ್ಟುಕೊಂಡ ಕೂಡಲೇ ನಡುಗಡ್ಡೆಯ ಬೇಸರ ಅವರಿಗೆ ಗೊತ್ತಾಗುತ್ತದೆ ಎಂದು ಎಲ್ಲರೂ ಒಪ್ಪಿದರು. ಕುಲಾವಿಯನ್ನೂ ಒಗೆದು, ಮಡಿಸಿ, ಗಂಟಿನ ಮೇಲುಗಡೆಯೇ ಇಟ್ಟು ಕಳಿಸಿದರು. ಪಡುವಣದ ಸಿಪಾಯಿಗಳು ಈ ಸಲ ಅಂಗಿ ಮೈಗೆ ಮೆತ್ತಗಿದೆ ಎಂದು ಖುಷಿಪಟ್ಟರು.

ಆಮೇಲೆ ಮೂಡಣದ ಗಂಟು ಬಂತು. ಅಂಗಿಗಳ ತೋಳು ಮೊಣಕೈವರೆಗೆ ಹಸಿರಾಗಿ ಕಮಟು ವಾಸನೆ ಹೊಡೆಯುತ್ತಿತ್ತು. ಪಡುವಣದ ಹಳ್ಳಿಯೊಂದರ ಬಾವಿಗೆ ವಿಷ ಬೆರೆಸಿದ್ದರೆಂದು ದೋಣಿಯವರು ಹೇಳಿದರು. ನಡುಗಡ್ಡೆ ನ್ಯಾಯ ತಪ್ಪಲಿಲ್ಲ; ಮೂಡಣದವರಿಗೂ ಅಷ್ಟೇ ಗಂಜಿ ಕಡಿಮೆ ಮಾಡಿತು. ಗಂಜಿ ಸಾಲದೆಂದು ಎರಡೂ ಕಡೆಯ ದಳಪತಿಗಳು ದೂರು ಕಳಿಸಿದಾಗ, ತಮ್ಮ ಸಮದೃಷ್ಟಿಗೆ ಇದಕ್ಕಿಂತ ಪುರಾವೆ ಬೇಕೇ ಎಂದು ಸಭೆ ಬೀಗಿತು. ಮುಂದಿನ ಸಲದಿಂದ ಇಬ್ಬರಿಗೂ ಮೊದಲಿನಷ್ಟೇ ಗಂಜಿ ಹಾಕಲಾಯಿತು.

ದಂಡುಗಳು ದಡ್ಡರ ಸಂತೆಯಲ್ಲ. ನಡುಗಡ್ಡೆಯಿಂದ ಗಂಟು ಹಿಂದಕ್ಕೆ ಬರಲಿಲ್ಲ ಎಂದ ಮೇಲೆ ಮಾಡಿದ್ದು ತಪ್ಪಲ್ಲ ಎಂದು ಅವು ಲೆಕ್ಕ ಹಾಕಿದವು. ಮೊದಲು ಕದ್ದು ಮಾಡುತ್ತಿದ್ದುದನ್ನು ಆಮೇಲೆ ಹಾಡಹಗಲೇ ಮಾಡಿದವು. ಕಲೆ ಹತ್ತಿದರೂ ಹೋಗುತ್ತದಲ್ಲ! ರಜೆಯ ಮೇಲೆ ಬಂದ ಮಕ್ಕಳ ಅಂಗಿಯ ಅಂಚನ್ನು ತಾಯಂದಿರು ತಿರುಗಿಸಿ ನೋಡಿದರು. ನೀಲಿ ಚುಕ್ಕೆ ಇತ್ತು. ಅವರು ಮಕ್ಕಳನ್ನು ತಬ್ಬಿಕೊಂಡು ಒಳಗೆ ಕರೆದು ಬಡಿಸಿದರು. ಆ ತಾಯಂದಿರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ; ಅವರು ನಂಬಿದ್ದು ನಡುಗಡ್ಡೆಯನ್ನು.

ಒಂದು ಸಂಜೆ ಮೂಡಣ ದಡದಲ್ಲಿ ಒಲೆಗಳಿಂದ ಏಳುವುದಕ್ಕಿಂತ ಹೆಚ್ಚು ಹೊಗೆ ಎದ್ದಿತು. ಮುದ್ದಯ್ಯ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ನಿಂತಿದ್ದ. ಆ ದಡಕ್ಕೆ ಹೋಗಲು ಯಾವ ದೋಣಿಯೂ ಒಪ್ಪಲಿಲ್ಲ. ಅವನು ಉಣ್ಣಲಿಲ್ಲ, ಹೊಂಬಾಳಮ್ಮ ಬಡಿಸಲೂ ಇಲ್ಲ.

ವಾರ ಕಳೆಯುವುದರೊಳಗೆ ಪಡುವಣದ ಗಂಟು ಬಂತು. ಅಂಗಿಗಳ ನಡುವೆ, ಯಾವನೋ ಕತ್ತಿ ಒರೆಸಿ ಎಸೆದಂತಿದ್ದ ಒಂದು ಸೀರೆ. ಮಗಳ ಬಸುರಿ ಬಯಕೆಗೆಂದು ಹೊಂಬಾಳಮ್ಮ ಕೊಟ್ಟಿದ್ದ ಸೀರೆ ಅದು. ಅವಳು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಗಂಡನ ಮುಂದೆ ನಿಂತಳು.

"ಇದು ನಮ್ಮದು," ಅಂದಳು.

ಮುದ್ದಯ್ಯ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಎದ್ದಾಗ ಅವನು ಬೇರೆ ಮನುಷ್ಯನಾಗಿದ್ದ. ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಉಳಿದ ಗಂಟನ್ನು ತಾನೇ ಬಿಗಿದು ಸಭೆಯ ನಡುವೆ ತಂದು ಎಸೆದ.

"ಈ ಗಂಟು ವಾಪಸ್ ಹೋಗಬೇಕು. ಈಗಲೇ."

ಸಭೆ ತಲೆ ತಗ್ಗಿಸಿತು. ಬಿಳಿಗಿರಯ್ಯನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಯಜಮಾನ್ರೇ, ನಿಮ್ಮ ದುಃಖ ನಮ್ಮ ದುಃಖ. ಚೆಲುವಿ ನಾವೂ ಎತ್ತಿ ಆಡಿಸಿದ ಮಗು. ಆದ್ರೆ ಇದು ನಿಮ್ಮ ಸ್ವಂತ ಮಗಳ ವಿಚಾರ. ಇದರಲ್ಲಿ ನೀವು ಮಾತಾಡಿದ್ರೆ ನಡುಗಡ್ಡೆ ಮಾತಾಡಿದಂಗಾಗಲ್ಲ."

"ಆ ಕುಲಾವಿ ನನ್ನದಾಗಿರಲಿಲ್ಲವಲ್ಲಯ್ಯ. ಆವತ್ತೂ ನಾವು ಕಳಿಸಲಿಲ್ಲ!"

"ಅದನ್ನೇ ನಾನೂ ಹೇಳೋದು. ಆವತ್ತು ಕಳಿಸದೆ ಇವತ್ತು ಕಳಿಸಿದ್ರೆ, ಅದಕ್ಕೇ ಅಲ್ವಾ ಪಕ್ಷಪಾತ ಅನ್ನೋದು?"

ಮುದ್ದಯ್ಯ ಬಾಯಿ ತೆರೆದ. ಅವನ ಬಾಯಿಗೆ ಬಂದ ಮಾತುಗಳೆಲ್ಲ ಹೊಂಬಾಳಮ್ಮ ಆವತ್ತು ಬಾಗಿಲ ಬಳಿ ನಿಂತು ಆಡಿದ್ದೇ ಆಗಿದ್ದವು. ಅವನ್ನು ಆಗ ತಳ್ಳಿಹಾಕಿದವನು ತಾನೇ. ಗಂಟನ್ನು ಉಬ್ಬೆಗೆ ಒಯ್ದರು.

ಸೀರೆಯನ್ನು ಬೇರೆಯವರ ಕೈಗೆ ಕೊಡಲು ಮುದ್ದಯ್ಯನಿಗೆ ಮನಸ್ಸಾಗಲಿಲ್ಲ. ತಾನೇ ಹೊಳೆಗಿಳಿದು ಒಗೆದ. ಹಾಗೇ ಬಿಡಲೂ ಆಗದೆ, ನೋಡಲೂ ಆಗದೆ. ಒದ್ದೆ ಸೀರೆಯನ್ನು ತೊಡೆಯ ಮೇಲೆ ಹಿಂಡುವಾಗ ಅದರ ಕೆಂಪು ಅವನ ಪಂಚೆಗೆ ಇಳಿಯಿತು. ಮನೆಗೆ ಬಂದಾಗ ಹೊಂಬಾಳಮ್ಮ ದೋಣಿಗೆ ಹೊರಟು ನಿಂತಿದ್ದಳು.

"ಕೂಸಿನ ಬಟ್ಟೆ ಒಂದೂ ಬಂದಿಲ್ಲ. ಅದು ಬದುಕಿದೆ. ಹುಡುಕ್ತೀನಿ."

"ನಾನೂ ಬರ್ತೀನಿ."

"ಬೇಡ. ಗಂಟು ಇನ್ನೂ ಬರ್ತಾವೆ. ನೀವು ಒಗೀತಾ ಇರಿ."

ಮಗು ಒಬ್ಬ ಮದ್ದಿನವಳ ಗುಡಿಸಿಲಲ್ಲಿ ಸಿಕ್ಕಿತೆಂದೂ, ಹೊಂಬಾಳಮ್ಮ ಅಲ್ಲೇ ಉಳಿದು ಎರಡೂ ಕಡೆಯ ಗಾಯಾಳುಗಳ ಪಟ್ಟಿ ಒಗೆಯುತ್ತಿದ್ದಾಳೆಂದೂ ಆಮೇಲೆ ಸುದ್ದಿ ಬಂತು. ಮುದ್ದಯ್ಯ ಕೆಂಪಿಳಿದ ಆ ಪಂಚೆಯನ್ನು ಬಿಚ್ಚಿ ಬದಲಾಯಿಸಿದರೂ ಒಗೆಯಲಿಲ್ಲ. ಸಭೆಗೆ ಹೋಗುವಾಗೆಲ್ಲ ಅದನ್ನೇ ಉಟ್ಟು ಹೋದ. ಅವನಿಂದಾದ ಪ್ರತಿಭಟನೆ ಅಷ್ಟೇ. ಯಜಮಾನರ ಪಂಚೆಯ ಕಡೆ ನೋಡುವುದು ಮರ್ಯಾದೆಯಲ್ಲವೆಂದು ಊರು ಕಣ್ಣು ತಪ್ಪಿಸಿತು.

ಕೊನೆಗೆ ಎರಡೂ ಬೊಕ್ಕಸಗಳು ಬರಿದಾಗಿ ಶಾಂತಿ ಬಂತು. ಸಂಧಿಗೆ ನಡುಗಡ್ಡೆಗಿಂತ ಒಳ್ಳೆಯ ಜಾಗ ಯಾವುದು? ಇಬ್ಬರು ಅರಸರೂ ಪರಿವಾರ ಸಮೇತ ಬಂದರು. ಬಂದವರೇ ನೀನು ಆಣೆ ಮುರಿದೆ, ನೀನು ಮುರಿದೆ ಎಂದು ಬೈದಾಡಿಕೊಂಡರು. ವಿಚಾರಣೆಯಾಗಲೆಂದು ಎರಡೂ ಕಡೆಯ ಪಂಡಿತರು ಕೂತು ಎರಡೂ ದಂಡುಗಳ ಬಟ್ಟೆ ತರಿಸಿ ಹಗ್ಗಗಳ ಮೇಲೆ ಹರವಿಸಿದರು. ಬಿಸಿಲಿಗೆ ಕಣ್ಣು ಕುಕ್ಕುವಂಥ ಬಿಳುಪು. ಒಂದು ಎಳೆಯಲ್ಲೂ ಕಲೆಯಿಲ್ಲ. ಪ್ರತಿ ಅಂಚಿಗೂ ನೀಲಿ ಚುಕ್ಕೆ.

"ಹಾಗಾದರೆ ಆಣೆ ಮುರಿದವರು ಯಾರೂ ಇಲ್ಲ," ಎಂದರು ಪಂಡಿತರು.

ಆಗ ಹೊಳೆಯ ಕೆಳಪಾತ್ರದ ಜನ ಮುಂದೆ ಬಂದರು. ಯುದ್ಧ ನಡೆದಷ್ಟು ಕಾಲವೂ ಹೊಳೆಯ ನೀರು ಕೆಂಪಾಗಿ ಹರಿಯಿತು, ದನ ಕೂಡ ಮೂಸಿ ನೋಡಲಿಲ್ಲ, ಕುಡಿದ ಮಕ್ಕಳು ಕಾಯಿಲೆ ಬಿದ್ದವು ಎಂದು ದೂರಿಟ್ಟರು. ಕುಡಿಯುವ ನೀರು ಕೆಟ್ಟದ್ದು ಆಣೆಗೆ ವಿರುದ್ಧವೇ. ಅದನ್ನು ಕೆಡಿಸಿದ್ದು ಯಾರು? ಪಂಡಿತರು ಸುತ್ತಲೂ ಕಣ್ಣಾಡಿಸಿದರು. ಅಷ್ಟು ಬಿಳುಪಿನ ನಡುವೆ ಕಲೆಯಿದ್ದದ್ದು ಒಂದೇ ಬಟ್ಟೆಯ ಮೇಲೆ.

"ಯಜಮಾನ, ನಿನ್ನ ಪಂಚೆಯ ಮೇಲೆ ಇರುವುದೇನು?"

"ರಕ್ತ ಸ್ವಾಮಿ. ನನ್ನ ಮಗಳದು." ಮುದ್ದಯ್ಯ ಪಂಚೆಯ ಅಂಚನ್ನು ಎತ್ತಿ ತೋರಿಸಿದ. "ಪಡುವಣದ ದಂಡಿನೋರು ಕೊಂದ್ರು. ಅದಕ್ಕೂ ಮುಂಚೆ ಬೇರೆಯೋರ ಕೂಸುಗಳನ್ನ ಕೊಂದಿದ್ರು. ಮೂಡಣದೋರು ಬಾವಿಗೆ ವಿಷ ಹಾಕಿದ್ರು. ಅದರ ಗುರುತೆಲ್ಲಾ ಗಂಟುಗಳಲ್ಲಿ ನಾನು ಕಣ್ಣಾರೆ ಕಂಡಿದೀನಿ."

"ಕಂಡ ಮೇಲೆ ಗಂಟನ್ನು ಹಿಂದಕ್ಕೆ ಕಳಿಸಿದೆಯಾ?"

"ಇಲ್ಲ."

"ಈ ಅಂಗಿಗಳಿಗೆ ಚುಕ್ಕೆ ಇಟ್ಟವರು ಯಾರು?"

"ನಾವೇ."

"ಈಗ ಹೇಳುತ್ತಿರುವುದು ಸುಳ್ಳೋ, ಆಗ ಇಟ್ಟ ಚುಕ್ಕೆ ಸುಳ್ಳೋ?"

ಮುದ್ದಯ್ಯನಿಗೆ ಉತ್ತರ ಗೊತ್ತಿತ್ತು. ಚುಕ್ಕೆಯೇ ಸುಳ್ಳು ಎಂದು ಹೇಳಿದ ಕೂಡ. ಆದರೆ ತೀರ್ಪು ಅಷ್ಟರಲ್ಲಿ ತಯಾರಾಗಿತ್ತು: ಎರಡೂ ರಾಜ್ಯಗಳು ನಿಷ್ಕಳಂಕ, ಹೊಳೆಗೆ ಕೊಳೆ ಬಿಟ್ಟು ಆಣೆ ಮುರಿದದ್ದು ನಡುಗಡ್ಡೆಯೊಂದೇ. ಇನ್ನು ಮುಂದೆ ಆಣೆಯ ಕಾವಲು ಇಬ್ಬರು ಅರಸರದು. ಮುದ್ದಯ್ಯನಿಗೆ ಸೆರೆ. ಶಾಂತಿಯ ದಿನ ಇಂಥ ಕಲೆ ಕಣ್ಣಿಗೆ ಬೀಳಬಾರದಾದ್ದರಿಂದ ಆ ಪಂಚೆಯನ್ನು ಕೂಡಲೇ ಒಗೆಸತಕ್ಕದ್ದು. ಯುದ್ಧ ಶುರುವಾದಾಗಿನಿಂದ ಇಬ್ಬರು ಅರಸರೂ ಒಂದೇ ಮಾತಿಗೆ ತಲೆಯಾಡಿಸಿದ್ದು ಅದೇ ಮೊದಲು.

ಬಿಳಿಗಿರಯ್ಯ ಒಂದು ಹೊಸ ಪಂಚೆ ತಂದ. ಮುದ್ದಯ್ಯ ಹಳೆಯದರ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡ. ಮಗಳ ರಕ್ತದ ಗುರುತೆಂದು ಅವನ ಬಳಿ ಉಳಿದಿದ್ದದ್ದು ಅಷ್ಟೇ. ಕಾವಲುಗಾರರು ಬೆರಳು ಬಿಡಿಸಬೇಕಾಯಿತು.

"ಬಿಡಿ ಯಜಮಾನ್ರೇ," ಬಿಳಿಗಿರಯ್ಯ ಕಿವಿಯ ಹತ್ತಿರ ಬಗ್ಗಿ ಸಮಾಧಾನ ಹೇಳಿದ. "ಏನೇ ಆಗಲಿ, ನಾವು ಆ ಕಡೆಯೋರು, ಈ ಕಡೆಯೋರು ಅಂತ ಯಾರೂ ನಮ್ಮ ಮೇಲೆ ಬೆರಳು ತೋರಿಸಲಿಲ್ಲ ನೋಡಿ. ನಮಗೆ ಅದೇ ಅಲ್ವಾ ಬೇಕಾಗಿದ್ದು?"

ಅಂದವನು ಪಂಚೆಯನ್ನು ಸವುಳುಮಣ್ಣಿನಲ್ಲಿ ನೆನೆಹಾಕಲು ಹೋದ.