ವಾಪಸ್ ತಟ್ಟೆ

ನಮ್ಮ ಬೇಕರಿಯಲ್ಲಿ ಬ್ರೆಡ್ಡಿನ ಮೈಮೇಲೂ ಗುರುತಿರುತ್ತದೆ. ಭಟ್ಟಿಗೆ ಹೋಗುವ ಮುಂಚೆ ಪ್ರತಿ ಉಂಡೆಯ ನೆತ್ತಿಗೆ ಬ್ಲೇಡಿನಿಂದ ಗೀಟು ಎಳೆಯಬೇಕು, ಇಲ್ಲದಿದ್ದರೆ ಬೇಯುವಾಗ ಕಂಡಕಂಡ ಕಡೆ ಬಿರಿದುಕೊಳ್ಳುತ್ತದೆ. ಅತ್ತೆಯದು ಓರೆಯಾದ ಒಂದೇ ಗೀಟು. ಮಾವನದು ಅಡ್ಡ ಒಂದು, ಉದ್ದ ಒಂದು. ನನ್ನ ಗಂಡನದು ಮೂರು ಗಿಡ್ಡ ಗೀಟು, ಅದೂ ಅವಸರದ್ದು. ಹಿಟ್ಟು ನಾದಿದವರೇ ಗೀಟು ಎಳೆಯಬೇಕೆಂಬುದು ಮನೆಯ ಕಟ್ಟುನಿಟ್ಟು. ಯಾರಾದರೂ ಬ್ರೆಡ್ಡು ಸರಿಯಿಲ್ಲವೆಂದು ವಾಪಸ್ ತಂದರೆ ಅತ್ತೆ ಮರುಮಾತಾಡದೆ ಬೇರೆಯದು ಕೊಟ್ಟು, ಬಂದದ್ದರ ಗೀಟು ನೋಡಿ ಅವರವರ ತಟ್ಟೆಗೆ ಹಾಕುತ್ತಾರೆ. ಗಲ್ಲಾದ ಪಕ್ಕದ ಹಲಗೆಯ ಮೇಲೆ ಆ ತಟ್ಟೆಗಳು ಸಾಲಾಗಿ ಕೂತಿವೆ. ಅಂಗಡಿ ಮುಚ್ಚುವವರೆಗೂ ಬ್ರೆಡ್ಡು ಅಲ್ಲೇ ಇರಬೇಕು, ಬಂದವರೆಲ್ಲ ನೋಡಬೇಕು.

ಮಾವನ ತಟ್ಟೆಯಲ್ಲಿ ಆಗೊಮ್ಮೆ ಈಗೊಮ್ಮೆ ತಳ ಸೀದದ್ದೊಂದು ಬಂದು ಕೂರುತ್ತದೆ. ನನ್ನ ಗಂಡನ ತಟ್ಟೆ ಖಾಲಿಯಿದ್ದದ್ದನ್ನು ಮದುವೆಯಾದ ಮೇಲೆ ನಾನು ಕಂಡದ್ದು ಕಡಿಮೆ. ಅತ್ತೆಯ ತಟ್ಟೆಯಲ್ಲಿ ಮಾತ್ರ ಅವರ ಕನ್ನಡಕ ಇರುತ್ತದೆ. "ನನ್ನ ತಟ್ಟೆಗೆ ಬೇರೇನು ಬರುತ್ತೆ?" ಎಂದು ಬಾಯಿಬಿಟ್ಟೇ ಹೇಳುತ್ತಾರೆ.

ನನಗೆ ತಟ್ಟೆ ಇಲ್ಲ. ನಾನು ಗಲ್ಲಾದಲ್ಲಿ ಕೂರುವವಳು. ಹಿಟ್ಟಿಗೆ ಕೈಹಾಕುತ್ತೇನೆಂದಾಗಲೆಲ್ಲ ಅತ್ತೆ "ಇರು, ಕಾಲ ಬರಲಿ" ಎಂದು ಬ್ಲೇಡನ್ನು ಏಪ್ರನ್ನಿನ ಜೇಬಿಗೆ ಇಳಿಸಿಬಿಡುತ್ತಾರೆ. ಆದರೆ ಗಲ್ಲಾದಲ್ಲಿ ಕೂತೂ ಕೂತೂ ವಾಪಸ್ ತರುವವರ ಮುಖ ಓದುವುದನ್ನು ಚೆನ್ನಾಗಿ ಕಲಿತಿದ್ದೇನೆ. ಹೋದ ತಿಂಗಳು ಒಬ್ಬಾಕೆ ಕೇಕನ್ನು ಕಾರಿನಲ್ಲಿ ಬಿಸಿಲಿಗೆ ಬಿಟ್ಟು ಕರಗಿಸಿ ತಂದು, ಕ್ರೀಮು ಹಳಸಿದೆ ಎಂದು ಬೊಬ್ಬೆ ಹಾಕಿದಳು. ಮುಟ್ಟಿ ನೋಡಿದರೆ ಡಬ್ಬಿಯ ಒಂದು ಮಗ್ಗುಲು ಇನ್ನೂ ಬಿಸಿ! "ಕರಗಿಸಿದ್ದು ಬಿಸಿಲು, ಮಸಿ ಬಳಿಯೋದು ನಮ್ಮ ಮುಖಕ್ಕಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದ್ದೆ. ಅತ್ತೆ ಅವಳಿಗೂ ಬೇರೆ ಕೇಕು ಕೊಟ್ಟು ಕಳಿಸಿದರು. ಅದು ನನಗೆ ಇವತ್ತಿಗೂ ಸಮ್ಮತವಿಲ್ಲ.

ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದೆ ನಾನು ಮಾಡಿದ್ದನ್ನು ಕೇಳಿದಾಗ ನಿಮಗೆ ನಗಲು ಅನುಕೂಲವಾಗುತ್ತದೆ.

ಮಧ್ಯಾಹ್ನದ ಮೇಲೆ ಮಹಡಿಯ ಕೋಣೆಯಲ್ಲಿ ನನ್ನದೇ ಬೇರೊಂದು ಕೆಲಸವಿದೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಸಭೆಗಳಲ್ಲಿ ಜನ ಆಡಿದ ಮಾತನ್ನು ಕೇಳಿ ಕೇಳಿ ಟೈಪ್ ಮಾಡಿಕೊಡುವುದು. ಬಿಡಿ ಬಿಡಿಯಾಗಿ ಮಾಡುತ್ತಿದ್ದ ನನಗೆ ಆಗ ತಾನೇ ಒಂದು ದೊಡ್ಡ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆಗೆ ಮುಗಿಸಿ ಕಳಿಸಿದರೆ ಖಾಯಂ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಮೇಲ್ವಿಚಾರಕಿ ಸ್ಪಷ್ಟವಾಗಿ ಹೇಳಿದ್ದಳು. ಅದಕ್ಕೆಂದೇ ಏದುಸಿರು ಬಿಡುತ್ತಿದ್ದ ಹಳೆಯದನ್ನು ಕೊಟ್ಟು ಹೊಸ ಲ್ಯಾಪ್‌ಟಾಪ್ ತಂದಿದ್ದೆ. ತಂದು ಇನ್ನೂ ವಾರ ತುಂಬಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಲ್ಲು ಕಟಕಟಿಸುವ ಚಳಿ. ಕೇಳಬೇಕಾದ ರೆಕಾರ್ಡಿಂಗುಗಳೆಲ್ಲ ಲ್ಯಾಪ್‌ಟಾಪಿಗೆ ಇಳಿಯುತ್ತಿರಲಿ ಎಂದು ಅದನ್ನು ತೆರೆದೇ ಬಿಟ್ಟು ನಾನು ಗಲ್ಲಾಕ್ಕೆ ಬಂದಿದ್ದೆ. ಒಳಗೆ ಅತ್ತೆಯ ಹಿಟ್ಟು ಉಬ್ಬಲು ಒಪ್ಪುತ್ತಿರಲಿಲ್ಲ. ಹಿಟ್ಟು ಉಬ್ಬದ ದಿನ ಬೇಕರಿಯವರ ಕಣ್ಣಿಗೆ ಬೇರೇನೂ ಕಾಣುವುದಿಲ್ಲ. ಬೆಚ್ಚಗಿರುವುದೆಲ್ಲ ಹಿಟ್ಟು ಇಡುವ ಜಾಗವೇ. ಮಾವ ಒಮ್ಮೆ ಜ್ವರ ಬಂದು ಮಲಗಿದ್ದಾಗ ಅವರ ಕಾಲಿನ ಹತ್ತಿರ ಕಂಬಳಿಯೊಳಗೆ ಬೋಗುಣಿ ಇಟ್ಟ ಹೆಂಗಸು ನಮ್ಮತ್ತೆ. ಅವತ್ತು ಬೆಚ್ಚನೆಯ ಜಾಗ ಹುಡುಕುತ್ತ ಮಹಡಿ ಹತ್ತಿದ್ದಾರೆ, ಮೇಜಿನ ಮೇಲೆ ಕೈಯಾಡಿಸಿದ್ದಾರೆ. ಲ್ಯಾಪ್‌ಟಾಪಿನ ಕೀಗಳು ಹೇಳಿ ಮಾಡಿಸಿದ ಹಾಗೆ ಹದವಾಗಿ ಬೆಚ್ಚಗಿದ್ದವು. ಬೋಗುಣಿಯನ್ನು ಅದರ ಮೇಲೆ ಕೂರಿಸಿ, ಒದ್ದೆ ಬಟ್ಟೆ ಮುಚ್ಚಿ, ಎಲ್ಲಕ್ಕೂ ಸೇರಿಸಿ ನನ್ನ ಶಾಲು ಹೊದಿಸಿ ಇಳಿದುಹೋಗಿದ್ದಾರೆ.

ಮಧ್ಯಾಹ್ನ ನಾನು ಹೋಗಿ ಶಾಲು ಎತ್ತಿದಾಗ ಹಿಟ್ಟು ಬೋಗುಣಿಯ ಅಂಚು ದಾಟಿ, ಕೀಗಳ ಮೇಲೆ ಹರಡಿ, ಸಂದಿಗೊಂದಿಗೆಲ್ಲ ಇಳಿದು ಸುಖವಾಗಿ ಉಬ್ಬಿತ್ತು. ಲ್ಯಾಪ್‌ಟಾಪ್ ಸತ್ತಿತ್ತು.

"ಅತ್ತೇ!"

ಅತ್ತೆ ಓಡಿಬಂದು ನೋಡಿದರು. "ಎಷ್ಟು ಚೆನ್ನಾಗಿ ಉಬ್ಬಿದೆ ನೋಡು" ಎಂಬ ಮಾತು ಅವರ ಬಾಯಿಂದ ಮೊದಲು ಬಂತು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಮೇಲೆ ಪರದೆಯ ಕಡೆ ಕಣ್ಣು ಹೋಗಿ ಮುಖ ಸಪ್ಪಗಾಯಿತು.

"ತಪ್ಪಾಯ್ತು ಕಣೇ. ನಂದೇ ತಪ್ಪು. ರಿಪೇರಿ ಮಾಡಿಸ್ಕೊಡ್ತೀನಿ."

"ರಿಪೇರಿ ಆಗೋ ಹೊತ್ತಿಗೆ ಸೋಮವಾರ ಹೋಗಿರುತ್ತೆ ಅತ್ತೆ. ಸೋಮವಾರದ ಜೊತೆ ಕೆಲಸಾನೂ ಹೋಗಿರುತ್ತೆ."

ಅಷ್ಟು ನೇರವಾಗಿ ತಪ್ಪೊಪ್ಪಿಕೊಂಡವರ ಮೇಲೆ ಕೂಗಾಡುವುದಾದರೂ ಹೇಗೆ? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿ ಇಲ್ಲ, ಗಂಡ ಇದ್ದ. ಬ್ರೆಡ್ಡು ಹಂಚಿ ವ್ಯಾನು ನಿಲ್ಲಿಸಿ ಒಳಗೆ ಬಂದವನಿಗೆ ಚೆನ್ನಾಗಿ ಬೈದೆ. ಬೈಸಿಕೊಂಡವನೇ ದಾರಿಯನ್ನೂ ತೋರಿಸಿದ.

"ವಾರದೊಳಗೆ ಕೆಟ್ರೆ ಹೊಸದು ಕೊಡ್ತೀವಿ ಅಂತ ಅಂಗಡಿಯವರು ಅಂದಿದ್ರಲ್ಲ? ಒರೆಸಿ ತಗೊಂಡೋಗು. ತಾನಾಗೇ ನಿಂತೋಯ್ತು ಅನ್ನು."

ನನಗೆ ಎಳ್ಳಷ್ಟೂ ಅಳುಕಾಗಲಿಲ್ಲ, ನಿಜ ಹೇಳುತ್ತೇನೆ. ಅಷ್ಟು ದೊಡ್ಡ ಅಂಗಡಿ, ಊರ ತುಂಬ ಅದರ ಜಾಹೀರಾತು. ಅದಕ್ಕೆ ಇದೊಂದು ಸೊಳ್ಳೆ ಕಡಿದ ಹಾಗೂ ಆಗುವುದಿಲ್ಲ ಎಂದುಕೊಂಡೆ. ಹಲ್ಲುಜ್ಜುವ ಬ್ರಷ್ಷು, ಪಿನ್ನು, ಹತ್ತಿ ಇಟ್ಟುಕೊಂಡು ಕೀ ಕೀಗೂ ಸ್ನಾನ ಮಾಡಿಸಿದೆ. ಲ್ಯಾಪ್‌ಟಾಪ್ ಅಂಗಡಿಯಿಂದ ಬಂದಾಗಲೂ ಅಷ್ಟು ಹೊಳೆದಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನಂತ ಹೇಳ್ತೀಯ?"

"ಆನ್ ಆಗ್ತಿಲ್ಲ ಅಂತೀನಿ. ಅದೇನು ಸುಳ್ಳಾ?"

"ಕೇಕು ಕೆಟ್ಟಿದೆ ಅಂತ ಅವಳು ಹೇಳಿದ್ದೂ ಸುಳ್ಳಲ್ಲ."

"ಅದೇ ಬೇರೆ, ಇದೇ ಬೇರೆ ಅತ್ತೆ! ಅವಳು ನಮ್ಮ ಹೆಸರಿಗೆ ಮಸಿ ಬಳಿಯೋಕೆ ಬಂದಿದ್ಲು. ಅಲ್ಲಿ ಕೆಡೋಕೆ ಯಾರ ಹೆಸರಿದೆ? ಅದು ಬರೀ ಅಂಗಡಿ."

ಅತ್ತೆ ಏಪ್ರನ್ನು ಬಿಚ್ಚಿ ಮೊಳೆಗೆ ನೇತುಹಾಕಿದರು. "ನಡಿ, ನಾನೂ ಬರ್ತೀನಿ" ಎಂದರು.

ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುವ ಕೌಂಟರು ಕೊನೆಯಲ್ಲಿದೆ. ಅದರ ಹಿಂದೆ ಗಾಜಿನ ಗೋಡೆ, ಗಾಜಿನಾಚೆ ಮಾರುವ ಮುಂಚೆ ಮಾಲನ್ನು ಪರೀಕ್ಷೆ ಮಾಡುವವರ ಕೋಣೆ. ಕೌಂಟರಿನವನು ಕೊರಳಿನ ಕಾರ್ಡನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಬಟನ್ ಒತ್ತಿದ, ತನ್ನದೇ ಚಾರ್ಜರು ಚುಚ್ಚಿ ಮತ್ತೆ ಒತ್ತಿದ.

"ಕೆಳಗೇನಾದ್ರೂ ಬಿದ್ದಿತ್ತಾ?"

"ಇಲ್ಲ."

"ನೀರು ಗೀರು?"

"ಒಂದು ಹನಿ ನೀರು ಬಿದ್ದಿಲ್ಲ" ಎಂದೆ. ಎಂಥ ಸತ್ಯವಂತ ಸುಳ್ಳು! ನನಗೇ ಹೆಮ್ಮೆಯಾಯಿತು.

"ಸರಿ ಮೇಡಂ. ಹೊಸ ಪೀಸ್ ಕೊಡ್ತೀನಿ" ಎಂದು ಅವನು ಒಳಗಿನಿಂದ ಡಬ್ಬಿ ತಂದು ನನ್ನ ಮುಂದಿಟ್ಟ. ಇಷ್ಟೇನಾ ಎನಿಸಿತು. ಗೆದ್ದವಳ ಹಾಗೆ ಅತ್ತೆಯ ಕಡೆ ತಿರುಗಿದೆ. ಅತ್ತೆ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಸತ್ತ ಲ್ಯಾಪ್‌ಟಾಪನ್ನು ಬೋರಲು ಹಾಕಿ, ತಳದಿಂದ ಬೊಟ್ಟಿನಷ್ಟಗಲದ ಹಸಿರು ಸ್ಟಿಕ್ಕರೊಂದನ್ನು ಉಗುರಿನಿಂದ ಎಬ್ಬಿಸಿ, ಹಿಂದಿನ ಬಿಳಿಯ ಹಲಗೆಗೆ ಅಂಟಿಸಿದ. ಅಲ್ಲಿ ಬೇರೆ ಬೇರೆ ಬಣ್ಣದವು ಸಾಲುಸಾಲಾಗಿ ಇದ್ದವು.

"ಅದೇನಪ್ಪಾ ಅದು?" ಎಂದರು ಅತ್ತೆ.

"ಪರೀಕ್ಷೆ ಮಾಡಿದವರ ಗುರುತು ಅಮ್ಮ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಸತ್ತ ಪೀಸ್ ವಾಪಸ್ ಬಂದ್ರೆ ಅವರು ಸರಿಯಾಗಿ ನೋಡಿಲ್ಲ ಅಂತ ಲೆಕ್ಕ." ಗಾಜಿನಾಚೆಗೆ ಗದ್ದದಿಂದಲೇ ತೋರಿಸಿದ. "ಹಸಿರು ಅವಳದ್ದು. ಹೊಸಬಳು, ಇನ್ನೂ ಖಾಯಂ ಆಗಿಲ್ಲ. ಈಗ ಇದೊಂದು ಬಂತಲ್ಲ, ಕಷ್ಟ."

ಗುರುತು ಸಿಕ್ಕಿತು. ನಾನು ಕೊಂಡ ದಿನ ನನ್ನೆದುರೇ ಡಬ್ಬಿ ಬಿಚ್ಚಿ, ಒಂದೊಂದೇ ಕೀ ಒತ್ತಿ, ಕಿವಿ ಹತ್ತಿರ ತಂದು ಸದ್ದು ಕೇಳಿ, ಮತ್ತೊಂದನ್ನು ಒತ್ತುತ್ತಿದ್ದವಳು. ನಾನು ಕಾಲು ಬದಲಿಸುತ್ತ, "ಸಾಕು ಕೊಡಮ್ಮಾ, ನಮ್ಮಂಗಡೀಲಿ ಗಲ್ಲಾ ನೋಡೋಕೆ ಯಾರೂ ಇಲ್ಲ" ಎಂದು ಗೊಣಗಿದ್ದೆ. "ಇರಿ ಮೇಡಂ, ಎಲ್ಲಾ ನೋಡೇ ಕೊಡ್ತೀನಿ. ಇದನ್ನ ಹಿಡ್ಕೊಂಡು ನೀವು ಮತ್ತೆ ಬರೋ ಹಾಗಾಗಬಾರದು" ಎಂದಿದ್ದಳು. ಈಗಲೂ ಗಾಜಿನಾಚೆ ಬೇರೆ ಯಾರದೋ ಲ್ಯಾಪ್‌ಟಾಪಿನ ಮೇಲೆ ಹಾಗೆಯೇ ಬಗ್ಗಿದ್ದಳು.

ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ಕೇಳದೆ ಸುಮ್ಮನಿರಬಾರದಿತ್ತೇ ಎಂದು. ಆಮೇಲೆ ಅವರೇ ಹೇಳಲಿ ಎಂದು ಅವರ ಮುಖ ನೋಡಿದೆ. ಹಿಟ್ಟು ಇಟ್ಟವರು ಅವರಲ್ಲವೇ? ಅತ್ತೆ ಚಾವಣಿಯ ದೀಪಗಳನ್ನು ನೋಡುತ್ತ ನಿಂತಿದ್ದರು. ಹೊಸ ಡಬ್ಬಿ ನನ್ನ ಎರಡೂ ಕೈಗಳ ನಡುವೆ ಇತ್ತು. ಅದರೊಳಗೆ ನನ್ನ ಸೋಮವಾರವೂ ಇತ್ತು.

"ಅದನ್ನ ಅಲ್ಲಿಂದ ಕೀಳಿ" ಎಂದೆ.

"ಯಾವುದನ್ನ?"

"ಆ ಹಸಿರನ್ನ. ಅವಳು ಕೊಟ್ಟಾಗ ಎಲ್ಲಾ ಸರಿ ಇತ್ತು. ನಮ್ಮನೇಲೇ ಅದರೊಳಗೆ ಹಿಟ್ಟು ಹೋಯ್ತು."

"ಹಿಟ್ಟಾ?"

"ಬ್ರೆಡ್ಡಿನ ಹಿಟ್ಟು. ಉಬ್ಬಲಿ ಅಂತ ಅದರ ಮೇಲೆ ಇಟ್ಟಿದ್ರು."

ಅವನು ನನ್ನನ್ನು ನೋಡಿದ, ಗಾಜಿನಾಚೆಯವಳನ್ನು ನೋಡಿದ, ನಕ್ಕ. "ನಿಮ್ಮ ಮನಸ್ಸು ದೊಡ್ಡದು ಮೇಡಂ. ಅವಳನ್ನ ಉಳಿಸೋಕೆ ಕಥೆ ಕಟ್ತಿದ್ದೀರಿ. ಕಟ್ಟೋದಾದ್ರೆ ನಂಬೋ ಥರ ಕಟ್ಟಬೇಕಪ್ಪ. ಲ್ಯಾಪ್‌ಟಾಪ್ ಮೇಲೆ ಯಾರಾದ್ರೂ ಹಿಟ್ಟು ಇಡ್ತಾರಾ?"

ನನಗೆ ಪಿತ್ತ ನೆತ್ತಿಗೇರಿತು. ಸುಳ್ಳು ಹೇಳಿದಾಗ ಗೋಣು ಆಡಿಸಿದ ಮನುಷ್ಯ ನಿಜ ಹೇಳಿದರೆ ಹಲ್ಲು ಕಿರಿಯುತ್ತಾನೆ! ತಲೆಯಿಂದ ಪಿನ್ನು ಕಿತ್ತು ಒಂದು ಕೀ ಎಬ್ಬಿಸಿದೆ. ಕೆಳಗೆ ಏನೂ ಇಲ್ಲ. ಇನ್ನೊಂದನ್ನು ಎಬ್ಬಿಸಿದೆ, ಅಲ್ಲೂ ಇಲ್ಲ. ಅಷ್ಟು ಚೊಕ್ಕಟವಾಗಿ ತೊಳೆದ ನನ್ನ ಕೈಗೆ ನಾನೇ ಶಾಪ ಹಾಕಿದೆ. ಕೊನೆಗೆ ಉದ್ದನೆಯ ಕೀ ಕಿತ್ತಾಗ ಅದರಡಿಯಿಂದ ಒಣಗಿದ ಪಟ್ಟಿಯೊಂದು ಎದ್ದುಬಂತು.

"ಬಿಸ್ಕತ್ತಿನ ಚೂರಿರಬೇಕು" ಎಂದ.

ಅದನ್ನು ಕೇಳಿದ್ದೇ ತಡ, ಅತ್ತೆ ದೀಪ ನೋಡುವುದನ್ನು ಬಿಟ್ಟು ಮುಂದೆ ಬಂದರು. ಆ ಪಟ್ಟಿಯನ್ನು ಬೆರಳ ನಡುವೆ ಹೊಸಕಿ, ಮೂಸಿ, ಚಿಟಿಕೆಯಷ್ಟನ್ನು ನಾಲಗೆಗೆ ಹಚ್ಚಿಕೊಂಡರು.

"ಬಿಸ್ಕತ್ತಲ್ಲಪ್ಪ, ಇದು ನನ್ನ ಹಿಟ್ಟು. ಬೆಳಿಗ್ಗೆ ಕಲಸಿದ್ದು, ಉಪ್ಪು ಇನ್ನೂ ಹಾಕಿರಲಿಲ್ಲ. ನಂಬಿಕೆ ಇಲ್ಲದಿದ್ರೆ ನೀನೂ ತಿಂದು ನೋಡು" ಎಂದು ಉಳಿದದ್ದನ್ನು ಅವನ ಬಾಯಿಯವರೆಗೂ ಒಯ್ದರು.

ಅವನು ಹಿಂದೆ ಸರಿದ. ನಮ್ಮ ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಹಸಿರು ಸ್ಟಿಕ್ಕರು ಹಲಗೆಯಿಂದ ಎದ್ದು ಲ್ಯಾಪ್‌ಟಾಪಿನ ತಳಕ್ಕೆ ವಾಪಸ್ ಹೋಯಿತು, ಹೊಸ ಡಬ್ಬಿ ನನ್ನ ಕೈಯಿಂದ ಅವನ ಕಡೆಗೆ ಜಾರಿತು.

"ಬಾಯಿ ಮುಚ್ಕೊಂಡಿದ್ರೆ ನಿಮಗೂ ಸುಲಭ ಇತ್ತು, ನನಗೂ ಸುಲಭ ಇತ್ತು. ಇನ್ನು ರಿಪೇರಿಯವರು ಬರೋದು ಮುಂದಿನ ವಾರ. ಆಗ ತನ್ನಿ."

ಗಾಜಿನಾಚೆಯವಳು ತಲೆ ಎತ್ತಲೂ ಇಲ್ಲ. ನನ್ನ ಸತ್ಯಸಂಧತೆ ಅವಳಿಗೆ ಗೊತ್ತೇ ಆಗಲಿಲ್ಲ. ಸ್ವಲ್ಪ ಗೊತ್ತಾಗಿದ್ದರೆ ಚೆನ್ನಾಗಿತ್ತು ಎಂದು ಒಳಗೊಳಗೇ ಅನಿಸಿದ್ದು ಸುಳ್ಳಲ್ಲ.

ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ. "ಇಟ್ಟವರು ನೀವು. ಮೊದಲೇ ಒಂದು ಮಾತು ಆಡಬಾರದಿತ್ತಾ?"

"ಹಿಟ್ಟು ನಂದು, ಒಪ್ಕೊಂಡೆ. ಸುಳ್ಳು ನಿಂದು. ಅದಕ್ಕೆ ನಾನ್ಯಾಕೆ ಬಾಯಿ ಹಾಕಲಿ?"

"ನಾನು ಹೇಳದೇ ಇದ್ದಿದ್ರೆ?"

"ಹೊಸದು ತಗೊಂಡು ಮನೆಗೆ ಬರ್ತಿದ್ವಿ" ಎಂದರು ಅತ್ತೆ. ಸ್ವಲ್ಪ ದೂರ ನಡೆದ ಮೇಲೆ, "ಗಲ್ಲಾದಲ್ಲಿ ಮಾತ್ರ ಮತ್ತೆ ನಿನ್ನ ಕೂರಿಸ್ತಿರಲಿಲ್ಲ" ಎಂದು ಸೇರಿಸಿದರು.

ಮನೆಗೆ ಬಂದು ಮೇಲ್ವಿಚಾರಕಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಕಾರಣ ಎಷ್ಟೋ ಕೇಳಿದ್ದೀನಿ, ಹಿಟ್ಟು ಉಬ್ಬಿತು ಅಂತ ಕೇಳಿರಲಿಲ್ಲ. ಸೋಮವಾರ ಅಂದ್ರೆ ಸೋಮವಾರ" ಎಂದು ಅವಳು ಫೋನಿಟ್ಟಳು. ಆಗಲಿ, ನಾನೇನು ಕೈಕಟ್ಟಿ ಕೂರುವವಳೇ? ಶನಿವಾರ, ಭಾನುವಾರ ಸಾರ್ವಜನಿಕ ಗ್ರಂಥಾಲಯದ ಮೂಲೆಯಲ್ಲಿ, ಅಕ್ಷರಗಳೇ ಸವೆದುಹೋದ ಕಂಪ್ಯೂಟರಿಗೆ ರೆಕಾರ್ಡಿಂಗುಗಳನ್ನು ಮತ್ತೆ ಇಳಿಸಿಕೊಂಡು, ಬಾಗಿಲು ತೆರೆದಾಗಿನಿಂದ ಹೊರಗೆ ಕಳಿಸುವವರೆಗೂ ಕೂತೆ. ಗಲ್ಲಾವನ್ನು ಅತ್ತೆ ನೋಡಿಕೊಂಡರು. ಸೋಮವಾರ ಬೆಳಿಗ್ಗೆ ಕಳಿಸಿಯೂಬಿಟ್ಟೆ. ಕೊನೆಯ ಭಾಗದಲ್ಲಿ ತಪ್ಪುಗಳು ಜಾಸ್ತಿಯಿವೆ, ಖಾಯಂ ಮಾಡಲಾಗುವುದಿಲ್ಲ, ಇನ್ನೊಂದು ಕೆಲಸ ಕೊಟ್ಟು ನೋಡುತ್ತೇವೆ ಎಂದು ಉತ್ತರ ಬಂತು. ನೋಡಲಿ. ನನ್ನ ಕೆಲಸದ ಮೇಲೆ ನನಗೆ ನಂಬಿಕೆಯಿದೆ.

ಬೇಕರಿಗೆ ಬಂದಾಗ ಗಲ್ಲಾದ ಮುಂದೆ ಜನ ಗುಂಪುಗೂಡಿದ್ದರು. ಶುಕ್ರವಾರ ಸಂಜೆಯೇ ಅತ್ತೆ ತಮ್ಮ ತಟ್ಟೆಯಿಂದ ಕನ್ನಡಕ ತೆಗೆದು, ಅಲ್ಲಿ ನನ್ನ ಸತ್ತ ಲ್ಯಾಪ್‌ಟಾಪನ್ನು ಇಟ್ಟಿದ್ದರು. ಅಂಗಡಿ ಮುಚ್ಚುವವರೆಗೆ ಎಂಬುದು ನಿಯಮ. ಅವರು ಮೂರು ದಿನವಾದರೂ ತೆಗೆದಿರಲಿಲ್ಲ.

"ಇದೂ ಮಾರಾಟಕ್ಕಾ?" ಎಂದು ಯಾರೋ ಕೇಳಿದರು.

"ಇಲ್ಲಪ್ಪ. ನಾನು ಕೆಡಿಸಿದ್ದು" ಎಂದರು ಅತ್ತೆ, ಬನ್ನು ಕಟ್ಟಿಕೊಡುತ್ತ. ಅವರ ದನಿ ಒಂದಿಷ್ಟೂ ತಗ್ಗಲಿಲ್ಲ.

ಗಿರಾಕಿಗಳು ಕರಗಿದ ಮೇಲೆ ನಾನು ಹತ್ತಿರ ಹೋದೆ. "ಅತ್ತೆ, ನನಗೂ ಒಂದು ತಟ್ಟೆ ಬೇಕು."

"ಯಾಕೆ?"

"ಆ ಸುಳ್ಳನ್ನ ಎಲ್ಲಿಡಲಿ ಮತ್ತೆ?"

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಒಳಗೆ ಹೋಗಿ ಒಂದು ಉಂಡೆ ಹಿಟ್ಟನ್ನು ನನ್ನ ಮುಂದೆ ಮರದ ಹಲಗೆಯ ಮೇಲೆ ಎಸೆದರು. "ನಾದು ಮೊದ್ಲು" ಎಂದರು. ತೋಳು ಸೋಲುವವರೆಗೂ ನಾದಿದೆ, ಬೋಗುಣಿಗೆ ಹಾಕಿ ಭಟ್ಟಿಯ ಪಕ್ಕದಲ್ಲಿ ಇಟ್ಟೆ. ಅದು ಉಬ್ಬಿ ಉಂಡೆಯಾಗಿ ಬಂದ ಮೇಲೆ ಅತ್ತೆ ಏಪ್ರನ್ನಿನ ಜೇಬಿನಿಂದ ಬ್ಲೇಡು ತೆಗೆದು, ಹಿಡಿ ನನ್ನ ಕಡೆ ಮಾಡಿ ಚಾಚಿದರು.

ನಾನು ಬಿಲ್ಲಿನ ಹಾಗೆ ಬಾಗಿದ ಒಂದು ಗೀಟು ಎಳೆದೆ.

ಅತ್ತೆ ಬಗ್ಗಿ ನೋಡಿ, "ಆಳ ಸಾಲದು" ಎಂದರು. ಅದರ ಮೇಲೆಯೇ ಮತ್ತೊಮ್ಮೆ, ಒತ್ತಿ ಎಳೆದೆ.